ಕಿಟಕಿ ತೆರೆದ ಟೀಚರ್

ಓರ್ಲಾ ಮೊದಲು ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು; ಕಾರಿಡಾರಿನಲ್ಲೇ ನಿಂತು ಪಾಠ ಕೇಳುತ್ತೇನೆಂದು ಹೆಡ್‌ಮಿಸ್ ಸ್ಲಾವಿತ್ಸಾ ಹೇಳಿದ್ದರು. ಆಮೇಲೆ, ಜೂನ್ ತಿಂಗಳ ಸೆಕೆ ತಾಳಲಾರದೆ, ಎದುರಿನ ಕಿಟಕಿಯನ್ನೂ ತೆರೆದಳು. ಸರ್ಬಿಯಾದ ನೆಗೋಟಿನ್ ಪಟ್ಟಣದ ಆ ಶಾಲೆಯ ಕೋಣೆಗೆ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು. ಗೋಡೆಯ ಮೇಲಿದ್ದ ಇಂಗ್ಲಿಷ್ ಅಕ್ಷರಮಾಲೆ ಪಟಪಟನೆ ಬಡಿದುಕೊಂಡಿತು.

ಮಕ್ಕಳ ಮುಖಗಳು ಬಿಳಿಚಿಕೊಂಡವು. ಒಬ್ಬಳು ಕಾಲರೆತ್ತಿ ಕತ್ತು ಮುಚ್ಚಿಕೊಂಡಳು. ವುಕಾಶಿನ್ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಬೆಂಚಿನಡಿ ತೂರಿದ. ಎಲ್ಲರೂ ಒಟ್ಟಿಗೆ ಸರ್ಬಿಯನ್ ಭಾಷೆಯಲ್ಲಿ ಕಿರುಚತೊಡಗಿದರು.

ಓರ್ಲಾಗೆ ಅಳು ಬರುವುದೊಂದು ಬಾಕಿ. ಅವಳು ಐರ್ಲೆಂಡಿನಿಂದ ಬಂದಂದಿನಿಂದ ಈ ಮಕ್ಕಳ ಬಾಯಲ್ಲಿ ಗಿಣಿಪಾಠ ಬಿಟ್ಟರೆ ಸ್ವಂತದ್ದೊಂದು ಇಂಗ್ಲಿಷ್ ಮಾತು ಹೊರಟಿರಲಿಲ್ಲ. ಇವತ್ತೂ ಹೊರಡದಿದ್ದರೆ ಇಂಗ್ಲಿಷ್ ತರಗತಿ ಬಂದ್, ಅವಳು ಊರಿಗೆ ವಾಪಸ್ ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಯಾಗಿತ್ತು.

“ನಂಗೆ ನಿಮ್ಮ ಭಾಷೆ ಬರಲ್ಲ ಮಕ್ಕಳೇ! ಏನಾಯ್ತು, ಇಂಗ್ಲಿಷಲ್ಲಿ ಹೇಳಿ!”

ತನ್ನ ಹೆಸರು ಬಿಟ್ಟು ಬೇರೇನನ್ನೂ ಎಂದೂ ಹೇಳದ ದುನ್ಯಾ ಬೆಂಚು ಹತ್ತಿ ನಿಂತಳು. ಭಾರದ ಕಲ್ಲುಗಳನ್ನು ಎತ್ತೆತ್ತಿ ಇಟ್ಟ ಹಾಗೆ ಇಂಗ್ಲಿಷಿನಲ್ಲೇ ಹೇಳಿದಳು: “ಬಾಗಿಲು ತೆರೆದು. ಕಿಟಕಿ ತೆರೆದು. ಗಾಳಿ ಕತ್ತು ಒಳಗೆ ಹೋಗ್ತಾನೆ. ಟೀಚರ್ ಸಾಯುತ್ತೆ!”

“ಗಾಳಿಗೆ ಯಾರಾದ್ರೂ ಸಾಯ್ತಾರೇನೇ?”

“ನನ್ನ ಮಾವ!” ಬೆಂಚಿನಡಿಯಿಂದ ವುಕಾಶಿನ್‌ನ ತಲೆ ಹೊರಬಂತು, ಅದರ ಜೊತೆ ಇಂಗ್ಲಿಷೂ. “ಬಸ್ಸಲ್ಲಿ ಎರಡು ಕಿಟಕಿ ತೆಗೆದು. ಈಗ ಕತ್ತು ಹೀಗೆ!” ತಲೆಯನ್ನು ಭುಜಕ್ಕೆ ಅಂಟಿಸಿ ತೋರಿಸಿದ.

“ನನ್ನ ಅಜ್ಜಿ, ಕಿವಿ ಹೋಯ್ತು!” ಎಂದಳು ಹಿಂದಿನ ಸಾಲಿನ ಮಿಲುಂಕಾ.

“ಸುಳ್ಳಿ! ಅಜ್ಜಿ ನಿನ್ನೆ ನನಗೆ ಬಯ್ದು!” ಎಂದ ವುಕಾಶಿನ್.

“ಅಜ್ಜಿ ಬಾಯಲ್ಲಿ ಬಯ್ಯೋದು, ಕಿವಿಯಲ್ಲಿ ಅಲ್ಲ, ಕತ್ತೆ!”

ಓರ್ಲಾಗೆ ಮೈ ಜುಮ್ಮೆಂದಿತು. ಮುರುಕು ಮಾತು, ಕುಂಟು ಮಾತು, ಆದರೆ ಅಷ್ಟೂ ಇಂಗ್ಲಿಷು, ಅಷ್ಟೂ ಅವರದೇ. ಕಿಟಕಿ ಮುಚ್ಚಲು ಚಾಚಿದ್ದ ಕೈಯನ್ನು ಮೆಲ್ಲನೆ ಹಿಂದೆಗೆದುಕೊಂಡಳು. “ನಮ್ಮೂರಲ್ಲಿ ರಾತ್ರಿಯೆಲ್ಲ ಕಿಟಕಿ ತೆಗೆದೇ ಮಲಗ್ತೀವಪ್ಪ,” ಎಂದು ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದಳು.

“ಅದಕ್ಕೆ ನೀನು ಇಷ್ಟು ಬಿಳಿ!” ಎಂದಳು ದುನ್ಯಾ. ಇಡೀ ತರಗತಿ ಹೋ ಎಂದಿತು.

ಆಗ ಸ್ಲಾವಿತ್ಸಾ ಕುತ್ತಿಗೆಗೆ ಸ್ಕಾರ್ಫು ಬಿಗಿದುಕೊಂಡು ಒಳಗೆ ಧಾವಿಸಿದರು. ಯಾರ ಮುಖವನ್ನೂ ನೋಡದೆ ನೇರ ಹೋಗಿ ಕಿಟಕಿಯನ್ನು ಧಡ್ಡನೆ ಮುಚ್ಚಿದರು.

“ಬುದ್ಧಿ ಇದೆಯೇನಮ್ಮಾ ನಿಂಗೆ? ಮಕ್ಕಳನ್ನ ಕೊಲ್ಬೇಕು ಅಂತಿದ್ದೀಯಾ?” ಎಂದು ಓರ್ಲಾಗೆ ಅರ್ಥವಾಗುವ ಇಂಗ್ಲಿಷಿನಲ್ಲೇ ಗದರಿದರು. ಬಾಗಿಲ ಬಳಿ ಹೋಗಿ, ಉಕ್ಕಿ ಬರುತ್ತಿದ್ದ ನಗುವನ್ನು ಸ್ಕಾರ್ಫಿನೊಳಗೆ ತುರುಕಿಕೊಂಡು, “ತರಗತಿ ನಡೀಲಿ. ಮುಂದಿನ ವರ್ಷಾನೂ,” ಎಂದರು.

ಸೋಮವಾರ ಓರ್ಲಾ ಬಂದಾಗ ಅವಳ ತಲೆ ಎಡ ಭುಜದ ಕಡೆಗೆ ವಾಲಿಕೊಂಡಿತ್ತು. ಕತ್ತಿನ ಸುತ್ತ ದಪ್ಪ ಉಣ್ಣೆಯ ಬಟ್ಟೆ. ದುನ್ಯಾ ಎದ್ದು ಹೋಗಿ ಬಾಗಿಲನ್ನು ಜೋಪಾನವಾಗಿ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು:

“ನಾನು ಆವತ್ತೇ ಹೇಳಿದ್ದೆನಲ್ಲ, ಟೀಚರ್!”

ಹೌದೆಂದು ತಲೆಯಾಡಿಸಲು ಓರ್ಲಾಗೆ ಆಗಲಿಲ್ಲ.