ನಡು ಊರಿನ ಮನೆ

"ಏಳು ಕೂಸು, ಇವತ್ತಿಗೇ ಮುಗೀತು ಈ ಆಟ," ಎನ್ನುತ್ತ ಮಾರಯ್ಯ ನಂಜನಗೂಡಿನ ಕಂಪ್ಯೂಟರ್ ಅಂಗಡಿಗೆ ನುಗ್ಗಿ ಮಗಳ ಕುರ್ಚಿಯ ಹಿಂದೆ ನಿಂತ. ಕಾಲೇಜು ಮುಗಿಸಿದ ಮೇಲೆ ಯಶೋಧರಾ ದಿನಾ ಇಲ್ಲೇ ಕೂರುತ್ತಾಳೆಂದು ಅವರ ಊರು ಕವಲಂದೆಯಲ್ಲಿ ಆಡಿಕೊಳ್ಳುತ್ತಿದ್ದರು.

"ಒಂದ್ಸಲ ನೋಡಪ್ಪ. ಆಮೇಲೂ ಏಳು ಅಂದ್ರೆ ಎದ್ ಬತ್ತೀನಿ. ಒಂದ್ ತಿಂಗ್ಳು ನಾನು ಈ ಕಡೆ ಬರ್ದಿದ್ರೆ, ನಾ ಕಟ್ಟಿರೋದೆಲ್ಲ ತಾನೇ ಅಳಿಸೋಯ್ತದೆ."

ಮಾರಯ್ಯ ಬಗ್ಗಿದ. ದಪ್ಪ ಟೀವಿಯಂಥ ಆ ಪೆಟ್ಟಿಗೆಯೊಳಗೆ ಒಂದು ಊರಿತ್ತು. ಹೊಳೆ, ಹೊಳೆಯ ಮೇಲೆ ಕಮಾನು ಸೇತುವೆ, ಆಚೆಗೆ ಕಣ್ಣು ಹರಿಯುವಷ್ಟೂ ಹೆಂಚಿನ ಮನೆ, ಬೀದಿ ತುಂಬ ಜನ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನ ಕಣ್ಣು ಮೊದಲು ಗೋಡೆಯ ಮೂಲೆಗಳನ್ನು ನೋಡಿತು. ಒಂದೂ ಸೊಟ್ಟಗಿರಲಿಲ್ಲ.

"ಯಾರ್ ಕಟ್ಟುದ್ದು ಇದ್ನ?"

"ಆಡೋರೇ ಕಣಪ್ಪ. ಒಬ್ಬೊಬ್ರು ಒಂದೊಂದ್ ದೇಶದೋರು. ಮೂರು ವರ್ಷದ ಹಿಂದೆ ಬರೀ ಬಯಲು. ಮೊದ್ಲು ಆರು ಗುಡಿಸ್ಲು, ಆಮೇಲೆ ಸಂತೆ, ಆಮೇಲೆ ಸೇತುವೆ. ಈಗ ಎರಡ್ ಸಾವ್ರ ಮನೆ."

ಮಾರಯ್ಯ ಬಾಯಿ ತೆರೆದುಕೊಂಡೇ ನೋಡಿದ. ಆಮೇಲೆ ಅವನ ಬೆರಳು ಪರದೆಯ ಅಂಚಿಗೆ, ಬೀದಿಗಳು ಮುಗಿದು ಮುಳ್ಳುಪೊದೆ ಶುರುವಾಗುವಲ್ಲಿಗೆ ಹೋಯಿತು. "ನಮ್ಮನೆ ಇಲ್ಲೆಲ್ಲೋ ಇರ್ಬೇಕಲ್ಲ. ಕಾಣಾಕಿಲ್ವಲ್ಲ?"

"ಅಲ್ಯಾಕ್ ಹುಡುಕ್ತಿಯಪ್ಪ?" ಯಶೋಧರಾ ಅವನ ಬೆರಳು ಹಿಡಿದು ನಡು ಊರಿಗೆ ತಂದಳು. "ಇದು ನಂದು. ಮೊದ್ಲು ಬಾವಿ ತೋಡಿದೋಳು ನಾನು. ನೀರಿದೆ ಅಂತ್ಲೇ ಸುತ್ತ ಊರು ಬೆಳೀತು."

"ಮಿಕ್ಕೋರು ಸುಮ್ಕಿದ್ರಾ? ನಾವ್ ಯಾರು ಅಂತ ಕೇಳ್ನಿಲ್ವಾ?"

"ಎಷ್ಟಡಿಗೆ ನೀರು ಸಿಕ್ತು ಅಂತ ಕೇಳುದ್ರು."

ಅಷ್ಟರಲ್ಲಿ ಸೇತುವೆ ದಾಟಿ ಬಂದ ಹೊಸಬನೊಬ್ಬ ಬಾವಿಯಿಂದ ಮಾರು ದೂರದಲ್ಲಿ ನಿಂತ. ಅವನ ತಲೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು.

"ಏನಂತೆ?"

"ನೀರು ತಗೋಬೋದಾ ಅಂತ. ಬಾವಿ ನಂದಲ್ವಾ, ಅಪ್ಪಣೆ ಕೇಳ್ತಾವ್ನೆ."

ಮಾರಯ್ಯನಿಗೆ ತನ್ನ ಅವ್ವ ಕಂಡಳು. ಊರ ಬಾವಿಯ ಹತ್ತಿರ ಬಿಂದಿಗೆ ಇಟ್ಟು, ಅಷ್ಟೇ ದೂರ ಸರಿದು, ಯಾರಾದರೂ ಸುರಿದಾರು ಎಂದು ಬಿಸಿಲಲ್ಲಿ ನಿಂತಿರುತ್ತಿದ್ದ ಅವ್ವ.

ಅವನು ಪಕ್ಕದ ಕುರ್ಚಿ ಎಳೆದುಕೊಂಡು ಮಗಳ ಜೊತೆ ಕೂತ.

"ಇಲ್ಲಿ ಯಾರೂ ಯಾರ್ನೂ ಕೇಳ್ಬೇಕಾಗಿಲ್ಲ ಅಂತ ಬರಿ ಕೂಸು. ದಪ್ಪಕ್ಷರದಲ್ಲಿ ಬರಿ, ಸೇತುವೆ ತಾವ್ಲಿಂದ್ಲೇ ಕಾಣ್ಲಿ."