ಮಣೆಯ ಮೇಲಿನ ಹೆಸರು

ಮಳವಳ್ಳಿಯ ಹೊಸ ಅಂಗಡಿಯ ಮುಂದೆ ಹೊನ್ನಯ್ಯ ಗಕ್ಕನೆ ನಿಂತ. ಸಾಲಾಗಿ ಜೋಡಿಸಿಟ್ಟ ಈಳಿಗೆಮಣೆಗಳು ಅವನವೇ. ಆದರೆ ಅವನು ಮಾಡಿದವಲ್ಲ.

ಕೂಸುಗಳ ಕೈಗೆ ತಾಕದಂತೆ ಅಲಗು ಮಡಚಿ ಒಳಗೆ ಕೂರುವ ಮಣೆ. ಮದ್ದೂರಿನ ತನ್ನ ಹಿತ್ತಲಲ್ಲಿ, ಕಾರ್ಖಾನೆಗೆ ರಜೆಯಿದ್ದಾಗೆಲ್ಲ ತಿಣುಕಿ ತಿಣುಕಿ ಅವನು ಕಂಡುಕೊಂಡ ಉಪಾಯ. ಉಳಿಪೆಟ್ಟಿಗೆಯನ್ನು ಹೆಂಡತಿಯೂ ಮುಟ್ಟಕೂಡದೆಂದು ಕಟ್ಟಪ್ಪಣೆ. ‘ಹೊನ್ನಯ್ಯನ ಮಣೆ’ ಅಂದರೆ ಸಾಕಿತ್ತು, ಮಂಡ್ಯದವರೂ ಹುಡುಕಿಕೊಂಡು ಬರುತ್ತಿದ್ದರು. ಮಣೆಗೆ ಹೆಸರು ಕೊರೆಯುವ ಗೋಜಿಗೇ ಅವನು ಹೋಗಿರಲಿಲ್ಲ. ಇದನ್ನೇ ನಂಬಿ ಕಾರ್ಖಾನೆ ಬಿಡುವ ಲೆಕ್ಕಾಚಾರದಲ್ಲಿದ್ದ.

ಒಂದನ್ನು ಎತ್ತಿ ಮಗುಚಿದ. ಅಡಿಯಲ್ಲಿ ಉಳಿಯಿಂದ ಕೊರೆದಿತ್ತು: ‘ಒನ್ನಯ್ಯ’.

ಮೈಯೆಲ್ಲ ಉರಿದುಹೋಯಿತು. ಕಳ್ಳನ ಜಾಣತನ ನೋಡಿ! ಹೆಸರನ್ನೂ ಕದ್ದು, ಪೊಲೀಸರ ಕೈಗೆ ಸಿಕ್ಕಬಾರದೆಂದು ಒಂದಕ್ಷರ ತಿರುಚಿದ್ದಾನೆ. ಸಾಲದ್ದಕ್ಕೆ ಮಣೆಯ ಮುಂಭಾಗವನ್ನು ತುಸು ಕಿರಿದು ಮಾಡಿದ್ದ. ಮಂಡಿ ಮಡಚಿ ಕೂತು ಹೆಚ್ಚುವವರಿಗೆ ಎಷ್ಟು ಸಲೀಸು! ಅದು ಹೊನ್ನಯ್ಯನಿಗೆ ಹೊಳೆದೇ ಇರಲಿಲ್ಲ.

“ಯಾರಯ್ಯ ಇದ್ನ ಮಾಡ್ದೋರು?”

“ನಾನೂ ಎಸ್ರು ಕೇಳ್ದೆ ಕಣಣ್ಣ,” ಅಂದ ಅಂಗಡಿಯ ಕರಿಯಯ್ಯ. “ಬಾಯಲ್ಲಿ ಏಳಕಾಗಕಿಲ್ಲ, ಮಣೆ ಮ್ಯಾಲೆ ಬರ್ದದೆ ನೋಡ್ಕಳಿ ಅಂದ್ರು. ಬಸ್ಸಲ್ಲಿ ತಂದು ಇಳ್ಸಿ ಓಯ್ತಾರೆ.”

“ಸಿಕ್ಲಿ, ಆ ಕೈಯ ಮುರ್ದಾಕ್ತೀನಿ.”

“ಅಂಗನ್ಬ್ಯಾಡ ಕಣಣ್ಣ. ಆ ಕೈಯ ನಂಬ್ಕೊಂಡು ಒಂದು ಸಂಸಾರ ಉಣ್ತದೆ.”

ಮದ್ದೂರಿನಲ್ಲಿ ಬಸ್ಸಿಳಿದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ರೇವಮ್ಮ ಸ್ಲೇಟು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಆ ವರ್ಷ ಬೀದಿಗೆ ಬಂದಿದ್ದ ವಯಸ್ಕರ ಶಾಲೆಯಲ್ಲಿ ಅಕ್ಷರ ತಿದ್ದುವ ಹುಚ್ಚು ಹತ್ತಿಸಿಕೊಂಡಿದ್ದಳು. ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಾಯ್ತೆ ಬೆರಳ್ಗೆ?”

“ಈಳ್ಗೆ ತಾಕ್ತು.”

ಅವನು ಕೂರಲಿಲ್ಲ. ಬಡಿಗೆ ಹುಡುಕುತ್ತ ಅತ್ತಿಂದಿತ್ತ ತಿರುಗಿದ. “ನಾಳಿಕೆ ಮಳವಳ್ಳಿ ಬಸ್‌ಸ್ಟ್ಯಾಂಡಲ್ಲೇ ಕಾಯ್ತೀನಿ. ನನ್ನ ಎಸ್ರನ್ನೇ ಕೊರ್ದು ಮಾರ್ತಾವ್ನೆ ಕಣೆ, ಕಳ್ ನನ್ಮಗ!”

ರೇವಮ್ಮ ತಲೆ ತಗ್ಗಿಸಿದಳು. “ನೀವು ಕಾರ್ಖಾನೇಲಿದ್ದಾಗ ಮಣೆ ಕೇಳ್ಕಂಡು ಬಾಗ್ಲಿಗೆ ಬಂದೋರೆಲ್ಲ ಬರಿಗೈಲಿ ಓಯ್ತಿದ್ರು.”

“ಅದ್ಕೇ?”

“ನಿಮ್ಮೆಸ್ರ ನಾನು ಬಾಯಲ್ಲಿ ಏಳಕಾಗಕಿಲ್ಲ,” ಅಂದಳು, ಬಳಪ ಕೈಗೆತ್ತಿಕೊಳ್ಳುತ್ತ. “ಬರೀಬೌದು.”

ಬಟ್ಟೆ ಸುತ್ತಿದ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದು, ಸ್ಲೇಟನ್ನು ಅವನತ್ತ ತಿರುಗಿಸಿದಳು: ‘ಒನ್ನಯ್ಯ’.