ರಿವರ್ಸ್

ಆಪರೇಷನ್ ಥಿಯೇಟರಿನ ಬಾಗಿಲು ಇನ್ನೇನು ಎರಡು ಮಾರು ಇದೆ ಅನ್ನುವಾಗ ಪುಟ್ಟಿ ಮತ್ತೆ ರಿವರ್ಸ್ ಹಾಕಿದಳು. ಅವಳು ಕೂತಿದ್ದ ಬ್ಯಾಟರಿಯ ಕೆಂಪು ಆಟದ ಕಾರು ಕುಂಯ್ ಎನ್ನುತ್ತ ಹಿಂದಕ್ಕೆ ಹೊರಟು, ನೀರಿನ ಕ್ಯಾನ್ ಇಟ್ಟಿದ್ದ ಸ್ಟೂಲಿಗೆ ಗುದ್ದಿ ನಿಂತಿತು. ಜೊತೆಗೆ ನಡೆದು ಬರುತ್ತಿದ್ದ ಮಕ್ಕಳ ವಾರ್ಡಿನ ಆಯಮ್ಮ ಹಣೆ ಚಚ್ಚಿಕೊಂಡಳು.

"ಬಾಗಿಲು ಆ ಕಡೆ ಇದೆ ಕಣೇ ತಾಯಿ."

"ಗೊತ್ತು ಅಜ್ಜಿ. ಪಾರ್ಕಿಂಗ್ ಸರಿ ಬರ್ತಿಲ್ಲ."

ಸ್ಟ್ರೆಚರ್ ಕಂಡರೆ ಮಕ್ಕಳು ಹೆದರುತ್ತವೆ, ತಾವೇ ಕಾರು ಓಡಿಸಿಕೊಂಡು ಬಂದರೆ ಅಳುವುದಿಲ್ಲ ಎಂದು ಯಾವ ಪುಣ್ಯಾತ್ಮನ ತಲೆಗೆ ಹೊಳೆದಿತ್ತೋ. ಹೊಳೆದವರು ಹಾಯಾಗಿದ್ದರು. ಕಾರಿಗೆ ಚಾರ್ಜ್ ಹಾಕುವುದು, ಚಕ್ರಕ್ಕೆ ಸುತ್ತಿಕೊಂಡ ಕೂದಲು ಬಿಡಿಸುವುದು, ಇಳಿಯಲೊಲ್ಲೆ ಅನ್ನುವವರನ್ನು ಪುಸಲಾಯಿಸಿ ಇಳಿಸುವುದು ಎಲ್ಲ ಆಯಮ್ಮನ ಕೊರಳಿಗೆ ಬಿದ್ದಿತ್ತು. ಹೆಸರಿಗೆ ಕಾರು, ಸಾಕುವುದು ಮಾತ್ರ ಮೊಂಡು ಕತ್ತೆಯನ್ನು. ಈ ಹುಡುಗಿಯಂತೂ ಬಾಗಿಲ ತನಕ ರಾಣಿಯ ಹಾಗೆ ಹೋಗುವುದು, ಅಲ್ಲಿಂದ ವಾಪಸ್ಸು ಬರುವುದು, ಇದೇ ಆಗಿತ್ತು. ಹಿಂದೆ ನಿಂತಿದ್ದ ಅವಳ ತಾಯಿ ಬಾಯಲ್ಲಿ "ಹೋಗು ಕಂದಾ, ಹೋಗು" ಅನ್ನುತ್ತಿದ್ದಳು. ಕಾರು ಹಿಂದೆ ಬಂದಾಗಲೆಲ್ಲ ತಾನೂ ಹಿಂದೆ ಸರಿದು ದಾರಿ ಬಿಡುತ್ತಿದ್ದಳು.

ಬಾಗಿಲು ಅರ್ಧ ತೆರೆದು, ಹಸಿರು ಟೋಪಿಯ ಡಾಕ್ಟರು ಮುಖ ಹೊರಹಾಕಿದರು.

"ಏನ್ರೀ ಆಯಮ್ಮ, ಎದೆ ಆಪರೇಷನ್ ಇದು. ಒಳಗೆ ಎಲ್ಲರೂ ಕೈ ತೊಳ್ಕೊಂಡು ನಿಂತಿದಾರೆ. ರಿಮೋಟ್ ಇದೆಯಲ್ಲ ನಿಮ್ಮ ಹತ್ರ?"

ಇತ್ತು. ಮಕ್ಕಳು ಗೋಡೆಗೆ ಗುದ್ದದಿರಲಿ ಎಂದು ಕಾರಿನ ಜೊತೆಗೇ ಬಂದದ್ದು, ಅವಳ ಜೇಬಿನಲ್ಲೇ ಇತ್ತು. ಅದರ ಗುಂಡಿ ಒತ್ತಿದರೆ ಕಾರಿನಲ್ಲಿ ಕೂತವರ ಆಟ ಏನೂ ನಡೆಯುವುದಿಲ್ಲ.

"ಪುಟ್ಟೀ, ಒಳ್ಳೇ ಮಾತಲ್ಲಿ ಹೇಳ್ತಿದೀನಿ, ಒಳಗೆ ಹೋಗ್ತೀಯೋ ಇಲ್ವೋ?"

"ಇನ್ನೊಂದೇ ಒಂದು ರೌಂಡು."

ಆಯಮ್ಮನ ತಾಳ್ಮೆ ಮುಗಿಯಿತು. ಜೇಬಿಗೆ ಕೈ ಹಾಕಿ ಗುಂಡಿ ಒತ್ತಿದಳು. ಕಾರು ಬಾಗಿಲಿನತ್ತ ನೆಟ್ಟಗೆ ಹೊರಟಿತು. ಪುಟ್ಟಿ ರಿವರ್ಸ್ ಎಳೆದಳು. ಕಾರು ಮುಂದಕ್ಕೇ ಹೋಯಿತು. ಸ್ಟೀರಿಂಗ್ ಪೂರಾ ಎಡಕ್ಕೆ ತಿರುಗಿಸಿದಳು, ಕಾರು ತಿರುಗಲಿಲ್ಲ. ಪೆಡಲಿನಿಂದ ಕಾಲು ತೆಗೆದಳು, ನಿಲ್ಲಲಿಲ್ಲ. ಆಮೇಲೆ ಕತ್ತು ಹೊರಳಿಸಿ, ಜೇಬಿನೊಳಗಿದ್ದ ಆಯಮ್ಮನ ಕೈಯನ್ನು ನೋಡಿದಳು.

ಅತ್ತಿದ್ದರೆ ಆಯಮ್ಮನಿಗೆ ಸಮಾಧಾನವಾಗುತ್ತಿತ್ತು. ಪುಟ್ಟಿ ಅಳಲಿಲ್ಲ. ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಕೂತವಳ ಹಾಗೆ ಒಳಗೆ ಹೋದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಪುಟ್ಟಿ ಚೇತರಿಸಿಕೊಂಡಳು, ಆಯಮ್ಮ ತಿನ್ನಿಸಿದ್ದನ್ನು ತಿಂದಳು, ಕೇಳಿದ್ದಕ್ಕೆಲ್ಲ "ಹೂಂ" ಅಂದಳು. ಆ ಹೂಂಗಳು ಆಯಮ್ಮನನ್ನು ಮುಳ್ಳಿನ ಹಾಗೆ ಚುಚ್ಚಿದವು. ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳು ಕಚ್ಚಿಲ್ಲ, ಒದ್ದಿಲ್ಲ. ಆರು ವರ್ಷದ ಒಂದು ಚೋಟುದ್ದದ ಹುಡುಗಿಯ ಹೂಂ ತಡೆಯಲಾಗುವುದಿಲ್ಲವೇ ಎಂದು ತನ್ನ ಮೇಲೇ ರೇಗಿಕೊಂಡಳು.

ಮನೆಗೆ ಹೊರಟ ದಿನ ಕಾರನ್ನು ಒರೆಸಿ ಫಳಫಳ ಮಾಡಿ ಹಾಸಿಗೆಯ ಪಕ್ಕಕ್ಕೆ ತಂದಳು. ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಯೇ ಬಂದಿದ್ದಳು. ಜೇಬು ಹೊರಗೆಳೆದು ತೋರಿಸಿದಳು.

"ನೋಡು, ಏನೂ ಇಲ್ಲ. ಗೇಟಿನ ತನಕ ನಿನಗೆ ಹೇಗೆ ಬೇಕೋ ಹಾಗೆ ಓಡಿಸು. ರಿವರ್ಸಲ್ಲೇ ಬೇಕಾದ್ರೂ ಹೋಗು."

ಪುಟ್ಟಿ ಮಂಚದಿಂದ ಮೆಲ್ಲಗೆ ಇಳಿದು ಚಪ್ಪಲಿ ಹಾಕಿಕೊಂಡಳು. ಕೈ ಚಾಚಿದ ಅಮ್ಮನಿಗೂ ಬೇಡವೆಂದು ತಲೆಯಾಡಿಸಿದಳು.

"ಬೇಡ ಅಜ್ಜಿ, ಕಾರು ನಿಮ್ಮ ಮಾತೇ ಕೇಳೋದು. ಕಾಲಾದ್ರೆ ನನ್ನ ಮಾತು ಕೇಳುತ್ತೆ."